ಅರಗಿನ ಮೇಲಿನ ಉಗುರು

ಹನ್ನೆರಡು ವರ್ಷ ನಾನು ಒಂದೇ ಬಂದೂಕಿಗಾಗಿ ಕಾದಿದ್ದೆ. ೧೯೮೬ರಲ್ಲಿ ಅದು ಕರಜಗಿಯ ಧಣಿ ದೌಲತರಾಯನ ಹೆಗಲೇರಿ ಆಳಂದದ ನನ್ನ ರಿಪೇರಿ ಅಂಗಡಿಗೆ ತಾನಾಗಿಯೇ ಬಂತು.

ಹಳೇ ಜೋಡುನಳಿಗೆ. ಅದನ್ನು ಕೊನೆಯ ಸಲ ರಿಪೇರಿ ಮಾಡಿದವನು ನಮ್ಮಪ್ಪ ಲಾಡ್ಲೆಸಾಬ. ಮರುವಾರವೇ ಅದರ ಗುಂಡಿಗೆ ದೌಲತರಾಯನ ಆಳು ದೇವೀಂದ್ರಪ್ಪ ಸತ್ತ. ಹಿಂದಿನ ದಿನ ಧಣಿ, ಆಳು ಇಬ್ಬರಿಗೂ ಜಗಳವಾಗಿದ್ದು ಊರಿಗೆಲ್ಲ ಗೊತ್ತಿತ್ತು. ಆದರೂ ದೌಲತರಾಯ, "ಬಂಡಿ ಮ್ಯಾಲಿಂದ ಬಿದ್ದು ತಾನ ಹಾರಿತು. ಲಾಡ್ಲೆಸಾಬನ ಕೆಲಸ ಕಚ್ಚಾ" ಎಂದ. ದೊಡ್ಡವರ ಮಾತಲ್ಲವೇ, ಎಲ್ಲರೂ ತಲೆಯಾಡಿಸಿದರು. ಬಂದೂಕು ಬಿಚ್ಚಿ ನೋಡುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಅಪ್ಪನ ಲೈಸೆನ್ಸ್ ಹೋಯಿತು. ಒಂದು ಜೀವ ತೆಗೆದವನೆಂಬ ಹೆಸರು ಹೊತ್ತೇ ಅವನು ಮಣ್ಣಾದ.

ಆಮೇಲೆ ಕಚೇರಿಗಳ ಬಾಗಿಲು ಕಾದು ನಾನು ಲೈಸೆನ್ಸ್ ತಂದೆ. ಸುತ್ತ ಮೂರು ತಾಲ್ಲೂಕಿಗೆ ಇದೊಂದೇ ಅಂಗಡಿ. ದೌಲತರಾಯ ಬರಲೇಬೇಕಿತ್ತು.

"ಇಜೇರಿ ಶಾಂತಲಿಂಗಪ್ಪಗ ಮಾರಾಕತ್ತೇನಿ ಖುರ್ಷಿದ. ಸರಿ ಐತಂತ ಚೀಟಿ ಬರದುಕೊಡು. ಸೋಮವಾರ ಬರ್ತೇವಿ."

ಅವನು ಹೋದ ಮೇಲೆ ಬಂದೂಕು ಮಗುಚಿ ನೋಡಿದೆ. ಅಪ್ಪನಿಗೆ ಒಂದು ಪದ್ಧತಿಯಿತ್ತು. ಕೆಲಸ ಮುಗಿಸಿ ಸ್ಕ್ರೂಗಳ ತಲೆಗೆ ಬಿಸಿ ಅರಗು ತುಂಬಿ, ಹೆಬ್ಬೆರಳಿನ ಉಗುರು ಒತ್ತುತ್ತಿದ್ದ. ಬಿಚ್ಚಬೇಕಾದರೆ ಅರಗು ಒಡೆಯಬೇಕು. ಎರಡೂ ಸ್ಕ್ರೂಗಳ ಮೇಲೆ ಅಪ್ಪನ ಉಗುರಿನ ಗುರುತು ಹಾಗೇ ಇತ್ತು.

ಅಳು ಬಂತು, ಅದರ ಬೆನ್ನಿಗೇ ಸಿಟ್ಟು. ಕೆಡಿಸಿ ಕೊಟ್ಟರೆ ಇದು ಅವನ ಕೈಯಲ್ಲೇ ಸಿಡಿಯುತ್ತದೆ ಎಂದು ಒಂದು ಗಳಿಗೆ ಆಸೆಯಾಯಿತು. ಆದರೆ ಆಗ ಅವನ ಸುಳ್ಳೇ ನಿಜವಾಗುತ್ತಿತ್ತು.

ದೇವೀಂದ್ರಪ್ಪನ ಹೆಂಡತಿ ಸಾಬವ್ವನಿಗೆ ಹೇಳಿಕಳಿಸಿದೆ. ಸೋಮವಾರ ಅವಳನ್ನು ಪರದೆಯ ಹಿಂದೆ ಕೂರಿಸಿದೆ.

ದೌಲತರಾಯ, ಶಾಂತಲಿಂಗಪ್ಪ ಇಬ್ಬರೂ ಬಂದರು. ಖಾಲಿ ಬಂದೂಕಿನ, ಬಡಿದು ಗುಂಡು ಹಾರಿಸುವ ಕುದುರೆಗಳನ್ನು ಹಿಂದಕ್ಕೆಳೆದು ನಿಲ್ಲಿಸಿ, ಹಿಡಿಯನ್ನು ಮೂರು ಸಲ ನೆಲಕ್ಕೆ ಕುಟ್ಟಿದೆ. ಕುದುರೆ ಬೀಳಲಿಲ್ಲ.

"ಬಿದ್ರ ತಾನ ಹಾರ್ತದ ಅಂತ ಯಾರೋ ಅಂದಿದ್ರು" ಎಂದ ಶಾಂತಲಿಂಗಪ್ಪ.

ನಾನು ಪೆನ್ನು ಹಿಡಿದೆ. "ಧಣ್ಯಾರು ಹೆಂಗ ಹೇಳ್ತಾರ ಹಂಗ ಬರೀತೇನ್ರಿ."

ವ್ಯಾಪಾರ ಕೈತಪ್ಪುತ್ತದೆಂದು ದೌಲತರಾಯನಿಗೆ ಗಾಬರಿ. "ಹುಚ್ಚರ ಮಾತದು. ಒಮ್ಮಿನೂ ತಾನ ಹಾರಿಲ್ಲ. ಇವರಪ್ಪನ ಕೈ ಕೆಲಸ. ಅರಗು ನೋಡ್ರಿ, ಆಮ್ಯಾಲ ಯಾರೂ ಮುಟ್ಟಿಲ್ಲ."

ತಾನು ಹೇಳಿದ ಸುಳ್ಳು ಅವನಿಗೇ ಮರೆತುಹೋಗಿತ್ತು. ಅದರ ಭಾರ ಹೊತ್ತವರು ನಾವು, ಅವನಲ್ಲವಲ್ಲ. ಆ ಮಾತನ್ನು ಅಕ್ಷರ ಬಿಡದೆ ಚೀಟಿಯಲ್ಲಿ ಬರೆದೆ. ಮಾರುವವನೆಂದು ಅವನು ಸಹಿ ಹಾಕಿದ, ಶಾಂತಲಿಂಗಪ್ಪ ಸಾಕ್ಷಿ ಹಾಕಿದ.

ಪರದೆ ಸರಿಸಿದೆ. ಸಾಬವ್ವ ಬಂದೂಕು ನೋಡಿದಳು, ಆಮೇಲೆ ಅವನನ್ನು.

"ತಾನ ಹಾರಿಲ್ಲಂದ್ರ, ನನ್ನ ಗಂಡಗ ಹೊಡದವ್ರು ಯಾರ್ರಿ ಧಣ್ಯಾರ?"

ದೌಲತರಾಯ ಚೀಟಿಗೆ ಕೈ ಚಾಚಿದ. ಚೀಟಿ ಆಗಲೇ ನನ್ನ ಜೇಬಿನಲ್ಲಿತ್ತು. ಶಾಂತಲಿಂಗಪ್ಪ ಒಂದು ಮಾರು ಹಿಂದೆ ಸರಿದು ನಿಂತ.

ಠಾಣೆ ನಮ್ಮ ಅಂಗಡಿಯಿಂದ ನೂರು ಹೆಜ್ಜೆ. ಸಾಬವ್ವ ಮುಂದೆ ನಡೆದಳು, ಬಂದೂಕು ಹಿಡಿದು ನಾನು ಹಿಂದೆ.