ನಿನ್ನೆಯ ಊಟ

ಬಲಗಡೆಯ ದವಡೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಮಾಂಸದ ನಾರು ಬೆಳಗಾದರೂ ಬಂದಿರಲಿಲ್ಲ. ಮುರ್ಸಲ್ ನಾಲಗೆಯ ತುದಿಯಿಂದ ಅದನ್ನು ಮೀಟಿದ. ಉಗುರು ಹಾಕಿ ನೋಡಿದ. ಹಲ್ಲುಜ್ಜುವ ಕಡ್ಡಿಯಿಂದ ಒತ್ತಿದರೆ ಇನ್ನಷ್ಟು ಒಳಕ್ಕೆ ಹೋಯಿತು. ರಾತ್ರಿ ಉಂಡದ್ದಕ್ಕೆ ಸಾಕ್ಷಿ ಹೇಳುವುದಕ್ಕೆಂದೇ ಅದು ಅಲ್ಲಿ ಕೂತಂತಿತ್ತು.

ಎದುರಿಗೆ ಬಾತುಲೋ ಎಂಬ ಮುದುಕಿ ತನ್ನ ಗುಡಿಸಲಿನ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಸಗಲ್, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಸಗಲ್‌ಳ ಕೆಲಸ. ಅವಳು ಸರಿಯಾಗಿ ಕೇಳುತ್ತಾಳೋ ಇಲ್ಲವೋ ಎಂದು ನೋಡುವುದು ಮುರ್ಸಲ್‌ನ ಕೆಲಸ. ಅವನು ಸರಿಯಾಗಿ ನೋಡುತ್ತಾನೋ ಇಲ್ಲವೋ ಎಂದು ನೋಡುವವರು ನೈರೋಬಿಯ ಮುಖ್ಯ ಕಚೇರಿಯಲ್ಲಿದ್ದರು.

“ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಮನೇಲಿ ಏನೇನು ತಿಂದ್ರಿ ಅಜ್ಜಿ?”

“ಮಾಂಸ,” ಎಂದಳು ಬಾತುಲೋ. ಆಮೇಲೆ ಅನ್ನ, ಅನ್ನಕ್ಕೆ ಎಣ್ಣೆ, ಮೇಲೆ ಸಕ್ಕರೆ ಹಾಕಿದ ಚಹಾ. ಒಂದೊಂದನ್ನು ಹೇಳುವಾಗಲೂ ಅವಳ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಪಕ್ಕದ ಗುಡಿಸಲಿನವರಿಗೂ ಕೇಳಲಿ ಎಂಬಷ್ಟು ಗಟ್ಟಿಯಾಗಿ ಹೇಳಿದಳು.

ಸಗಲ್ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಮುರ್ಸಲ್‌ನ ಮುಖ ನೋಡಿದಳು. ಅವನು ಜಾಲಿಮರದ ಕಡೆ ನೋಡಿದ. ಮರದ ಬುಡದಲ್ಲಿ ಕಟ್ಟಿದ್ದ ಆಡಿನ ಮರಿ ಬೆಳಕು ಹರಿದಾಗಿನಿಂದ ಒಂದೇ ಸಮನೆ ಅರಚುತ್ತಿತ್ತು.

“ಮೊನ್ನೇದು ಬರೀಲಾ ಅಣ್ಣಾ?” ಎಂದು ಸಗಲ್ ತಗ್ಗಿದ ದನಿಯಲ್ಲಿ ಕೇಳಿದಳು.

“ಪ್ರಶ್ನೆ ನಿನ್ನೇದು,” ಎಂದ ಮುರ್ಸಲ್.

ಬಾಯಿಂದ ತಾನಾಗಿ ಬಂದ ಮಾತು. ಬೈದೋವಾ ಪಟ್ಟಣದ ತರಬೇತಿ ಕೋಣೆಯಲ್ಲಿ ಇದನ್ನೇ ಎಷ್ಟೋ ಸಲ ಹೇಳಿದ್ದ. ಪ್ರಶ್ನೆ ಬದಲಿಸಬೇಡಿ, ಉತ್ತರ ಸೂಚಿಸಬೇಡಿ, ಕನಿಕರ ಪಡಬೇಡಿ. ಕನಿಕರ ಪಟ್ಟರೆ ಅಂಕಿ ಕೆಡುತ್ತದೆ. ಸಗಲ್ ಆಗ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡಿದ್ದಳು. ಈಗ ಬೆರಳು ಇಳಿಸಿದಳು. ಮಾಂಸ, ಹೌದು. ಅಕ್ಕಿ, ಹೌದು. ಎಣ್ಣೆ, ಹೌದು. ಟ್ಯಾಬಿನ ಮೂಲೆಯಲ್ಲಿ ಚೌಕವೊಂದು ಹಸಿರಾಯಿತು. ಆ ಬಯಲಿನಲ್ಲಿ ಅಂದು ಕಣ್ಣಿಗೆ ಬಿದ್ದ ಹಸಿರು ಅದೊಂದೇ.

ಹಸಿರೆಂದರೆ ಹೊಟ್ಟೆ ತುಂಬಿದೆ ಎಂದರ್ಥ. ಕೆಂಪೆಂದರೆ ಹಸಿವು. ಈ ವರ್ಷ ಬರುವ ನೆರವಿನ ಧಾನ್ಯ ಕಡಿಮೆ. ಬೇಸಗೆ ಮುಗಿಯುವತನಕ ಜೋಳ, ಬೇಳೆ, ಎಣ್ಣೆ ಕೆಂಪು ಊರುಗಳಿಗೆ ಮಾತ್ರ ಎಂದು ತೀರ್ಮಾನವಾಗಿತ್ತು. ಗೀದ್ ವೇಯ್ನ್ ಎಂಬ ಈ ಊರು ಎರಡು ವರ್ಷದಿಂದ ಕೆಂಪಾಗಿಯೇ ಇತ್ತು. ಬಾವಿ ಬತ್ತಿತ್ತು, ಒಂಟೆಗಳು ಹೋಗಿದ್ದವು, ಗಂಡಸರಲ್ಲಿ ಕೈಕಾಲು ಗಟ್ಟಿಯಿದ್ದವರು ಪಟ್ಟಣ ಸೇರಿದ್ದರು. ಯಾವ ಲೆಕ್ಕದಲ್ಲಿ ನೋಡಿದರೂ ಕೆಂಪೇ. ನಿನ್ನೆ ಒಂದು ದಿನ ಬಿಟ್ಟು.

ನಿನ್ನೆ ಸಮೀಕ್ಷೆಯವರು ಬರಬೇಕಾಗಿದ್ದದ್ದು ಬೆಳಗ್ಗೆ. ದಾರಿಯ ಕಾವಲುಕಟ್ಟೆಯಲ್ಲಿ ಯಾರೋ ಯಾರಿಗೋ ಫೋನು ಮಾಡಿ, ಆ ಯಾರೋ ನಮಾಜಿಗೆ ಹೋಗಿ, ಕೊನೆಗೆ ಕಾರು ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಕತ್ತಲಲ್ಲಿ ಆ ದಾರಿಯಲ್ಲಿ ವಾಪಸು ಹೋಗುವಂತಿಲ್ಲ. ಉಳಿಯಬೇಕಾಯಿತು. ಉಳಿದವನು ಅತಿಥಿ. ಊರಿನ ಹಿರಿಯ ಇಬ್ರೋ ಆಡು ಹಿಡಿಯಲು ಹೇಳಿದಾಗ ಮುರ್ಸಲ್ ಬೇಡ ಎಂದಿದ್ದ. ಮತ್ತೊಮ್ಮೆ ಬೇಡ ಎಂದಿದ್ದ. ಬೇಡ ಎನ್ನುವುದು ಮರ್ಯಾದೆಯ ಒಂದು ಭಾಗ, ಅದನ್ನು ಯಾರೂ ನಂಬುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನೂ ಈ ನೆಲದವನೇ. ಮೂರನೇ ಸಲ ಗದರಿಯೇ ಹೇಳಬಹುದಿತ್ತು. ಹಸಿವಾಗಿತ್ತು, ಸುಮ್ಮನಾದ.

ಅತಿಥಿಗೆಂದು ಕೊಯ್ದದ್ದನ್ನು ಅತಿಥಿಯೊಬ್ಬನೇ ತಿನ್ನುವ ಪದ್ಧತಿಯಿಲ್ಲ. ಗುಡಿಸಲು ಗುಡಿಸಲಿಗೂ ಪಾಲು ಹೋಯಿತು. ಕೆಲವರಿಗೆ ಮೂಳೆಯ ಚೂರು, ಕೆಲವರಿಗೆ ಬರೀ ಸಾರು. ಆದರೂ ಹೋಯಿತು. ಪಾಲು ತಲುಪಿದ ಪ್ರತಿ ಮನೆಯೂ ಅತಿಥಿಯನ್ನು ಉಣಿಸಿದ ಮನೆ. ತಿನ್ನಲಿಲ್ಲ ಎಂದು ಹೇಳಿದರೆ ಊರೇ ಅತಿಥಿಯನ್ನು ಉಪವಾಸ ಕೆಡವಿದ ಹಾಗೆ. ಆದ್ದರಿಂದ ಬೆಳಗಿನಿಂದ ಸಗಲ್ ಹೋದ ಬಾಗಿಲಲ್ಲೆಲ್ಲ ಅದೇ ಉತ್ತರ, ಅದೇ ನೆಟ್ಟಗಾದ ಬೆನ್ನು. ಚೌಕಗಳು ಒಂದರ ಹಿಂದೆ ಒಂದು ಹಸಿರಾಗುತ್ತಿದ್ದವು.

‘ನಿನ್ನೆ ಎಂದಿನಂಥ ದಿನವಾಗಿತ್ತೇ?’ ಎಂಬ ಪ್ರಶ್ನೆಯೊಂದು ಹಿಂದೆ ಇತ್ತು. ಅಲ್ಲ ಎಂದರೆ ಆ ಮನೆಯ ಲೆಕ್ಕವನ್ನು ಬದಿಗಿಡುತ್ತಿದ್ದರು. ಹೋದ ವರ್ಷ ಎಲ್ಲ ಊರಿನವರೂ ಅಲ್ಲ ಎಂದೇ ಹೇಳಿದ್ದರಿಂದ ಅದು ನಿಷ್ಪ್ರಯೋಜಕ ಎಂದು ವರದಿ ಬರೆದು ತೆಗೆಸಿದವನು ಮುರ್ಸಲ್. ಕಂಪಾಲಾದಲ್ಲಿ ಓದಿದ ಸಂಖ್ಯಾಶಾಸ್ತ್ರ ಜೀವನದಲ್ಲಿ ಒಮ್ಮೆಯಾದರೂ ಕೆಲಸಕ್ಕೆ ಬಂತೆಂದು ಅವನಿಗೆ ಖುಷಿಯಾಗಿತ್ತು. ನೈರೋಬಿಯವರೂ ಹೊಗಳಿದ್ದರು.

“ಅಜ್ಜಿ,” ಎಂದ ಈಗ, ತಾನೇ ಮುಂದೆ ಬಾಗಿ. “ನಿನ್ನೆ ನಿಮ್ಮ ಪಾಲಿಗೆ ಬಂದಿದ್ದಾದ್ರೂ ಎಷ್ಟು? ನೀವು ತಿಂದಿರಲಿಕ್ಕಿಲ್ಲ. ಮಕ್ಕಳಿಗೆ ಕೊಟ್ಟಿರ್ತೀರಿ.”

ಬಾತುಲೋ ಅವನನ್ನು ದಿಟ್ಟಿಸಿದಳು. ಅವಮಾನವಾದಾಗ ಮುದುಕಿಯರು ನೋಡುವ ನೋಟ.

“ನೀನೂ ತಿಂದ್ಯಲ್ಲಪ್ಪಾ, ನನ್ನೆದುರಿಗೇ. ನಿಂಗೆ ನೆನಪಿಲ್ವಾ?”

“ನೆನಪಿದೆ.”

“ಮತ್ತೆ?” ಎಂದಳು. ಸಿಟ್ಟು ಇಳಿಸಿಕೊಂಡು, ಮಾತಿಗೆ ಮಾತು ಎಂಬಂತೆ ಕೇಳಿದಳು: “ಎಲ್ರನ್ನೂ ಕೇಳ್ಕೊಂಡು ತಿರುಗ್ತೀಯ. ನೀನು ಮೊನ್ನೆ ಏನ್ ತಿಂದೆ, ಹೇಳು ನೋಡೋಣ.”

ಮುರ್ಸಲ್ ಬಾಯಿ ತೆರೆದ. ಮೊನ್ನೆ. ಬೈದೋವಾದ ಆವರಣ, ಮರಳಿನ ಚೀಲಗಳ ಗೋಡೆ, ಅವನ ಕೋಣೆ, ಜನರೇಟರಿನ ಸದ್ದು. ತಟ್ಟೆ ನೆನಪಾಯಿತು, ತಟ್ಟೆಯಲ್ಲಿದ್ದದ್ದು ನೆನಪಾಗಲಿಲ್ಲ. ಯಾರ ಜೊತೆ ಕೂತಿದ್ದೆ? ಯಾರ ಜೊತೆಗೂ ಅಲ್ಲ. ಆಚೆ ಮೊನ್ನೆ? ಅದೂ ಇಲ್ಲ. ಹಿಂದೆ ಹಿಂದೆ ಹೋದಷ್ಟೂ ಬರಿಯ ತಟ್ಟೆ. ಹೆಂಡತಿ ನೈರೋಬಿಯಲ್ಲಿದ್ದಳು, ದಿನಾ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುತ್ತಿದ್ದಳು, ಆಯ್ತು ಎನ್ನುತ್ತಿದ್ದ. ಏನು ಎಂದು ಅವಳೂ ಕೇಳುತ್ತಿರಲಿಲ್ಲ.

“ಏನೋ ತಿಂದೆ,” ಎಂದ.

ಬಾತುಲೋಗೆ ಅವನ ಮೇಲೆ ಮರುಕ ಬಂದದ್ದು ಮುಖದಲ್ಲೇ ಕಂಡಿತು. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ.

ಸಗಲ್ ಉಳಿದ ಪ್ರಶ್ನೆಗಳನ್ನು ಮುಗಿಸಿದಳು. ಮನೆಯಲ್ಲಿ ಹಾಲು ಕರೆಯುವ ಪ್ರಾಣಿ ಇದೆಯೇ? ಬಾತುಲೋ ತುಸು ತಡೆದು, ಮರಿ ಇದೆ ಎಂದಳು. ಆಗಲೇ ಮುರ್ಸಲ್‌ಗೆ ಆ ಮರಿ ಯಾಕೆ ಅರಚುತ್ತಿದೆ ಎಂದು ತಿಳಿದದ್ದು.

ಹೊರಡುವ ಮುಂಚೆ ಇಬ್ರೋನನ್ನು ಕಾರಿನ ಹಿಂದಕ್ಕೆ ಕರೆದು ಇದ್ದದ್ದನ್ನು ಹೇಳಿಬಿಟ್ಟ. ಹೇಳಬಾರದಿತ್ತು, ನಿಯಮದ ಪ್ರಕಾರ ಲೆಕ್ಕ ಹೇಗೆ ಹಾಕುತ್ತಾರೆಂದು ಊರಿನವರಿಗೆ ತಿಳಿಸುವಂತಿಲ್ಲ. ಟ್ಯಾಬ್ ತೋರಿಸಿ, ನಿನ್ನೆಯ ಮಾಂಸ ಈ ಪೆಟ್ಟಿಗೆಯೊಳಗೆ ಹೋಗಿದೆ, ಊರು ಉಂಡು ತೃಪ್ತವಾಗಿದೆ ಎಂದು ಪೆಟ್ಟಿಗೆ ಹೇಳುತ್ತಿದೆ, ಬೇಸಗೆಯ ಧಾನ್ಯ ನಿಂತರೂ ನಿಲ್ಲಬಹುದು ಎಂದ. ನಿಲ್ಲಬಹುದು ಎಂದನೇ ಹೊರತು ನಿಲ್ಲುತ್ತದೆ ಎನ್ನಲಿಲ್ಲ.

ಇಬ್ರೋ ಕೆಂಪು ಬಣ್ಣ ಹಚ್ಚಿದ ಗಡ್ಡವನ್ನು ನೀವುತ್ತ ಕೇಳಿದ. ಅವನ ಮುಖದಲ್ಲಿ ಗಾಬರಿ ಕಾಣಲಿಲ್ಲ, ದಣಿವು ಕಂಡಿತು.

“ಹಾಗಾದ್ರೆ ಏನು ಹೇಳ್ಬೇಕಿತ್ತು ನಾವು? ಅತಿಥಿ ಬಂದ, ಉಪವಾಸ ಮಲಗಿಸಿದ್ವಿ ಅಂತಲಾ?”

“ಹಾಗಲ್ಲ.”

“ಆ ಪೆಟ್ಟಿಗೆಗೆ ಅತಿಥಿ ಅಂದ್ರೆ ಏನಂತ ಗೊತ್ತಿಲ್ವಾ?”

“ಇಲ್ಲ.”

“ಹೇಳಿಕೊಡೋಕೆ ನಿಮ್ಮಲ್ಲಿ ಒಬ್ರೂ ಇರ್ಲಿಲ್ವಾ?”

ಮುರ್ಸಲ್ ನಾರನ್ನು ನಾಲಗೆಯಿಂದ ಒತ್ತಿದ. ಮೇಲಿನವರು ಎಲ್ಲ ನೋಡುತ್ತಾರೆ, ವಿಷಯ ತಿಳಿಸುತ್ತೇನೆ ಎಂದ. ಮೇಲಿನವರು ಅಂದರೆ ಅಲ್ಲಾಹನೋ ನೈರೋಬಿಯೋ ಎಂದು ಇಬ್ರೋ ಕೇಳಿದ. ಕೇಳಿ ತಾನೇ ನಕ್ಕ. ಆಮೇಲೆ ಮುರ್ಸಲ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಡಲು ಬಹಳ ಹೊತ್ತು ಹಿಡಿಯಿತು.

ಕಾರು ಹೊರಟಿತು. ಡ್ರೈವರ್ ಬುಲ್ಲೆ ಒಂದು ಹಾಡು ಹಚ್ಚಿದ, ಕೂಡಲೇ ಆರಿಸಿದ. ಹಿಂದಿನ ಸೀಟಿನಲ್ಲಿ ಸಗಲ್ ಕಿಟಕಿಗೆ ಹಣೆ ಒತ್ತಿ ಕೂತಳು. ಟ್ಯಾಬ್ ಈಗ ಮುರ್ಸಲ್‌ನ ತೊಡೆಯ ಮೇಲಿತ್ತು. ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ದಾರಿಯಲ್ಲಿ ದಿಬ್ಬವೊಂದಿತ್ತು, ಅದನ್ನು ಹತ್ತಿದ ಕೂಡಲೇ ಸಿಗುತ್ತದೆ. ಸಿಕ್ಕಿದರೆ ಲೆಕ್ಕವೆಲ್ಲ ತಾನಾಗಿಯೇ ಹೊರಟುಹೋಗುತ್ತದೆ. ಅಲ್ಲಿಯತನಕ ಮುಚ್ಚಿದ ಲೆಕ್ಕವನ್ನು ಮತ್ತೆ ತೆರೆಯಬಹುದಾದವನು ಮುರ್ಸಲ್ ಒಬ್ಬನೇ. ಅದರ ಗುಪ್ತಪದ ಅವನಿಗೆ ಮಾತ್ರ ಗೊತ್ತು.

ಷರಾ ಬರೆಯಲು ಕೆಳಗಡೆ ಜಾಗವಿತ್ತು. ‘ಊರಿನಲ್ಲಿ ಅತಿಥಿಗಳಿದ್ದರು, ಲೆಕ್ಕ ನಂಬುವಂತಿಲ್ಲ’ ಎಂದು ಬರೆಯಬಹುದು. ಆದರೆ ಆ ಜಾಗದಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಓದಬೇಕಾದವನು ಅವನೇ.

ಕುಲುಕಾಟದಲ್ಲಿ ಗುಪ್ತಪದ ಎರಡು ಸಲ ತಪ್ಪಿತು. ಕೊನೆಗೆ ತೆರೆಯಿತು. ಬಾತುಲೋಳ ಮನೆ. ಮಾಂಸ, ಇಲ್ಲ. ಅಕ್ಕಿ, ಇಲ್ಲ. ಎಣ್ಣೆ, ಇಲ್ಲ. ಚೌಕ ಕೆಂಪಾಯಿತು. ಎಷ್ಟು ಸುಲಭ ಎನಿಸಿತು. ಬೇರೆ ಏನೂ ಅನಿಸಲಿಲ್ಲ.

ಎರಡನೆಯ ಮನೆ ತೆರೆದು ಬೆರಳು ಇಡುವಾಗ ತಡೆದ. ಬಾತುಲೋ ತಿನ್ನಲಿಲ್ಲ ಎಂದರೆ ಅವಳ ಆಡನ್ನು ಕೊಯ್ಯಲಿಲ್ಲ. ಕೊಯ್ಯಲಿಲ್ಲ ಎಂದರೆ ಅತಿಥಿ ಬಂದಿರಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೆ ಅಳಿಸುತ್ತ ಹೋದರೆ ನಿನ್ನೆ ರಾತ್ರಿ ಗೀದ್ ವೇಯ್ನ್‌ನಲ್ಲಿ ಚಾಪೆಯ ಮೇಲೆ ಕೂತು ಬೆರಳು ನೆಕ್ಕಿದ ಮುರ್ಸಲ್ ಎಂಬವನು ಇರಲೇ ಇಲ್ಲ. ಇದ್ದ ಅನ್ನುವುದಕ್ಕೆ ಹಲ್ಲಿನ ಸಂದಿಯ ಆ ನಾರೊಂದು. ಕಳೆದ ಎಷ್ಟೋ ತಿಂಗಳಲ್ಲಿ ಇನ್ನೊಬ್ಬರ ಜೊತೆ ಕೂತು ಉಂಡದ್ದೆಂದು ಅವನಿಗೆ ನೆನಪಿರುವುದು ಅದೊಂದೇ ಊಟ. ಅದನ್ನು ಅಳಿಸುವುದೇ?

ನಾಚಿಕೆಯಾಯಿತು. ಒಂದು ಊರಿನ ಬೇಸಗೆಯ ಎದುರು ತಾನು ತೂಗುತ್ತಿರುವುದು ಇದನ್ನೇ?

“ಅಣ್ಣಾ,” ಎಂದಳು ಸಗಲ್ ಹಿಂದಿನಿಂದ, ಹಣೆ ತೆಗೆಯದೆ. “ಮಾಡೋದಾದ್ರೆ ಎಲ್ಲಾದನ್ನೂ ಮಾಡಿ. ಒಂದನ್ನ ಮಾಡಿ ಬಿಡಬೇಡಿ.”

ಅಷ್ಟರಲ್ಲಿ ಕಾರು ಗಾಲಿ ಜಾರಿಸಿ ದಿಬ್ಬ ಹತ್ತಿತು. ತೊಡೆಯ ಮೇಲೆ ಟ್ಯಾಬ್ ಒಮ್ಮೆ ನಡುಗಿತು. ಲೆಕ್ಕ ತಲುಪಿತು ಎಂಬ ಸಾಲು ಮೂಡಿ ಮಾಯವಾಯಿತು. ಸಾಲುಗಟ್ಟಿದ ಹಸಿರಿನ ನಡುವೆ ಒಂದೇ ಒಂದು ಕೆಂಪು ಚೌಕ. ಇಂಥ ಒಂಟಿ ಚೌಕವನ್ನು ಯಂತ್ರ ತಪ್ಪೆಂದು ಗುರುತಿಸಿ ಬೈದೋವಾಕ್ಕೆ ವಾಪಸು ಕಳಿಸುತ್ತದೆ. ತಿದ್ದಬೇಕಾದವನು ಅವನೇ.

ದಿಬ್ಬದ ಮೇಲಿಂದ ಮುಂದಿನ ಊರು ಕಂಡಿತು. ನಾಲ್ಕಾರು ಗುಡಿಸಲು, ಮುಳ್ಳುಬೇಲಿ, ಬೂದಿಬಣ್ಣದ ಒಂದು ಮರ. ಇಲ್ಲಿಯ ಸಮೀಕ್ಷೆ ನಾಳೆ. ಇವತ್ತು ಊರು ಸೇರಿ ಬಿಡಾರ ಮಾಡುವುದಷ್ಟೇ ಎಂದು ಯೋಜನೆ ಹಾಕಿದವನು ಮುರ್ಸಲ್. ಕಾರಿನ ಹಿಂದೆ ಎದ್ದ ಧೂಳು ಅವರಿಗೆ ಆಗಲೇ ಕಂಡಿರಬೇಕು. ಬೇಲಿಯ ಒಳಗೆ ಜನ ಓಡಾಡುತ್ತಿದ್ದರು. ಬಿಳಿ ಟೋಪಿಯ ಗಂಡಸೊಬ್ಬ ಆಡೊಂದನ್ನು ಕಿವಿ ಹಿಡಿದು ಗುಡಿಸಲಿನ ಹಿಂದಕ್ಕೆ ಎಳೆಯುತ್ತಿದ್ದ. ಆಡು ಮುಂಗಾಲು ಊರಿ ನಿಂತಿತ್ತು.

“ನಿಲ್ಸು,” ಎಂದ ಮುರ್ಸಲ್.

ಬುಲ್ಲೆ ನಿಲ್ಲಿಸಿದ. ಎಂಜಿನ್ ಗುರುಗುಟ್ಟುತ್ತಲೇ ಇತ್ತು.

“ವಾಪಸ್ ತಿರುಗ್ಸು.”

“ಎಲ್ಲಿಗೆ ಸಾಹೇಬ್ರೆ? ಹಿಂದೆ ಹೋದ್ರೆ ಅದೇ ಊರು. ಬೈದೋವಾ ಮುಟ್ಟೋಕೆ ಹೊತ್ತಿಲ್ಲ. ಅವರು ಇನ್ನೊಂದು ಆಡು ಹುಡುಕ್ತಾರೆ, ಅಷ್ಟೇ.”

“ಹಾಗಾದ್ರೆ ಇಲ್ಲೇ ಇರೋಣ.”

“ಇಲ್ಲೇ ಇದ್ರೂ ಅವರಿಗೆ ಕಾಣ್ತೀವಲ್ಲ,” ಎಂದ ಬುಲ್ಲೆ.

ಹಿಂದಿನಿಂದ ಬಂದ ಧೂಳು ನಿಂತ ಕಾರನ್ನು ಮುಟ್ಟಿ, ಸುತ್ತಿ, ಗಾಜಿನ ಮೇಲೆ ಮೆತ್ತಿಕೊಂಡಿತು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಧೂಳು ಇಳಿದಾಗ ಬಿಳಿ ಟೋಪಿಯವನು ಅಲ್ಲೇ ನಿಂತಿದ್ದ. ಒಂದು ಕೈಯಲ್ಲಿ ಆಡಿನ ಕಿವಿ, ಇನ್ನೊಂದು ಕೈ ಹುಬ್ಬಿನ ಮೇಲೆ. ಅತಿಥಿಗಳು ಯಾಕೆ ನಿಂತುಬಿಟ್ಟರೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆಡೂ ಎಳೆದಾಟ ಬಿಟ್ಟು ಇತ್ತಲೇ ತಿರುಗಿತ್ತು. ಮುರ್ಸಲ್‌ನ ನಾಲಗೆ ದವಡೆಯ ಸಂದಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬಿಳಿ ಟೋಪಿಯವನು ಹುಬ್ಬಿನ ಮೇಲಿನ ಕೈ ತೆಗೆದು, ಮೇಲೆತ್ತಿ, ಬನ್ನಿ ಬನ್ನಿ ಎಂದು ಬೀಸತೊಡಗಿದ.