ಹುಬ್ಬು ಎತ್ತಿದ್ದು ಯಾರಿಗೆ?

ನಾನು ಹುಬ್ಬು ಎತ್ತಿದ್ದು ಯಾರಿಗೆ? ಬೌರೋನಿಗೋ, ರೂತಾಳಿಗೋ?

ತೆಂಗಿನ ಮರದ ತುದಿಯಲ್ಲಿ ಕುಳಿತು, ನೀರಾ ಇಳಿಸಲು ಹೊಂಬಾಳೆಯನ್ನು ಕೆತ್ತುತ್ತಾ ತೊಕಾತಾಕೆ ಇದನ್ನೇ ಯೋಚಿಸುತ್ತಿದ್ದ. ನಮ್ಮ ಕಿರಿಬಾಸ್ ದ್ವೀಪಗಳಲ್ಲಿ ಹುಬ್ಬು ಎತ್ತಿದರೆ ಹೂಂ ಎಂದ ಹಾಗೆ. ಬಾಯಿ ತೆರೆಯಬೇಕಿಲ್ಲ.

ಹಿಂದಿನ ಸಂಜೆ ಅವನ ಚಿಕ್ಕಪ್ಪನ ಮಗ ಬೌರೋ ಮನೆಗೆ ಬಂದಿದ್ದ. ಚಾಪೆಯ ಮೇಲೆ ಕುಳಿತು ಮೀನು ತಿಂದ, ನೀರಾ ಕುಡಿದ, ಮಳೆಯ ಬಗ್ಗೆ ಮಾತಾಡಿದ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದ: "ಅಣ್ಣಾ, ಚುನಾವಣೆಗೆ ನಿಂತಿದೀನಿ. ನಿನ್ನ ಓಟು ನಂಗೆ ಬೇಕು. ಇದು ಬುಬುಸಿ ಅಂತಲೇ ತಿಳ್ಕೋ."

ನೆಂಟನೊಬ್ಬ ಬುಬುಸಿ ಎಂದು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. ತೊಕಾತಾಕೆಯ ಸೈಕಲ್ಲು ಹಾಗೆ ಹೋಗಿದೆ, ಹೊಸ ಬಲೆಯೂ ಹಾಗೆ ಹೋಗಿದೆ. ಅವನ ಮನೆಗೂ ಹಂದಿಮರಿ, ಪಾತ್ರೆ ಹಾಗೆಯೇ ಬಂದಿವೆ. ಬೌರೋ ಉತ್ತರಕ್ಕೆ ಕಾಯುತ್ತಿದ್ದ. ಅದೇ ಹೊತ್ತಿಗೆ ಅವನ ಬೆನ್ನ ಹಿಂದೆ ತೊಕಾತಾಕೆಯ ಮೊಮ್ಮಗಳು ರೂತಾ ಒಂದು ಎಳನೀರನ್ನು ಎತ್ತಿ ತೋರಿಸಿದಳು. ಕುಡಿಯಲೇ ಎಂದು ಕೇಳುತ್ತಿದ್ದಳು. ತೊಕಾತಾಕೆಯ ಹುಬ್ಬು ಮೇಲೆ ಹೋಯಿತು. ಬೌರೋ ಅವನ ಕೈಯನ್ನು ಅದುಮಿ, ನೆಮ್ಮದಿಯಿಂದ ಎದ್ದು ಹೋದ.

ರೂತಾಳಿಗೆ ಎಳನೀರೇ ಗತಿ. ಸಮುದ್ರ ಒಳಗೆ ನುಗ್ಗಿ ಊರ ಬಾವಿ ಉಪ್ಪಾಗಿದೆ, ಕೆಟ್ಟಿದೆ. ಆ ನೀರು ಕುಡಿದು ಅವಳಿಗೆ ಮತ್ತೆ ಮತ್ತೆ ಭೇದಿ. ಕೈಕಾಲು ಕಡ್ಡಿಯಂತಾಗಿವೆ. ಬೌರೋ ಹಿಂದೊಮ್ಮೆ ಗೆದ್ದು ಸಂಸತ್ತಿಗೆ ಹೋಗಿದ್ದ; ಅಲ್ಲಿ ಬಾವಿಯ ಮಾತನ್ನು ಎತ್ತಲಿಲ್ಲ. ಕೆಟ್ಟವನಲ್ಲ. ತೊಕಾತಾಕೆಯ ದೋಣಿ ದಿಕ್ಕುತಪ್ಪಿದಾಗ ಅಲೆಗಳಲ್ಲಿ ಹುಡುಕಿ ಕರೆತಂದವನು ಅವನೇ.

ಬೌರೋನ ಎದುರು ನಿಂತಿದ್ದವಳು ಶಾಲೆಯ ಟೀಚರು ಕಾತಾರೀನಾ. ಮನೇಬಾದಲ್ಲಿ, ಅಂದರೆ ಊರೆಲ್ಲ ಕೂಡುವ ದೊಡ್ಡ ಮಾಡಿನ ಕೆಳಗೆ, ಅವಳು ಹೇಳಿದ್ದು ಸ್ವಲ್ಪವೇ. ಮನೆಮನೆಗೂ ನೀರು ತರುತ್ತೇನೆ ಎನ್ನಲಿಲ್ಲ. ಈ ಮಾಡಿಗೆ ತಗಡು ಹೊದಿಸಿ, ಪಕ್ಕದಲ್ಲಿ ಮಳೆನೀರಿನ ತೊಟ್ಟಿ ಕಟ್ಟಲು ಸರ್ಕಾರವನ್ನು ಕೇಳುತ್ತೇನೆ, ಸಿಗುವ ತನಕ ಕೇಳುತ್ತೇನೆ ಎಂದಿದ್ದಳು. ತೊಕಾತಾಕೆಗೆ ಆ ಮಾತು ಹಿಡಿಸಿತ್ತು. ಈಗ ಹುಬ್ಬು ಎತ್ತಿಯಾಗಿದೆ.

ಅಷ್ಟರಲ್ಲಿ ಮರದ ಬುಡದಿಂದ ಅಕ್ಕ ಅರೋಯಿತಾಳ ದನಿ ಬಂತು. ನೀರಾ ಇಳಿಸುವವರು ಮರದ ಮೇಲೆ ಹಾಡಿಕೊಳ್ಳುತ್ತಾರೆ. ಇವನ ಮರ ಮಾತ್ರ ಸುಮ್ಮನಿತ್ತು.

"ಏನೋ ತಮ್ಮಾ, ಹಾಡೆಲ್ಲಿ? ಅದನ್ನೂ ಯಾರಾದ್ರೂ ಬುಬುಸಿ ಕೇಳ್ಕೊಂಡು ಹೋದ್ರಾ?"

ತೊಕಾತಾಕೆ ಇಳಿದು ಬಂದು ಎಲ್ಲವನ್ನೂ ಹೇಳಿದ. ಅರೋಯಿತಾ ಕಳೆದ ಚುನಾವಣೆಯಲ್ಲಿ ಮತಗಟ್ಟೆಯ ಕೆಲಸಕ್ಕೆ ಹೋಗಿದ್ದವಳು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನು ಮೇಲೆ ನೆಂಟರು ಬಂದಾಗ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತುಕೋ ಎಂದಳು. ಅವನು ನಗಲಿಲ್ಲ. ಮತದಾನದ ದಿನ ಬೆಳಿಗ್ಗೆಯೇ ಮೀನಿಗೆ ಹೋಗಿಬಿಡುತ್ತೇನೆ, ಆಗ ಯಾರಿಗೂ ಮೋಸವಿಲ್ಲ ಎಂದ.

"ಮೀನಿಗೂ ಓಟಿಲ್ಲ, ನಿಂಗೂ ಇಲ್ಲ. ಒಳ್ಳೇ ಜೊತೆ," ಎಂದಳು ಅರೋಯಿತಾ. ಆಮೇಲೆ ಅವನ ಪಕ್ಕ ಕುಳಿತಳು. "ಒಂದು ಹೇಳು. ಬುಬುಸಿ ಅಂತ ಏನೇನು ಕೇಳಬಹುದು?"

"ನನ್ನ ಮನೇಲಿರೋದನ್ನ."

"ಊರ ಬಾವೀನ ಕೇಳಿದ್ರೆ ಕೊಡ್ತೀಯಾ?"

"ಬಾವಿ ನಂದಾ ಅಕ್ಕಾ, ಕೊಡೋಕೆ?"

"ಓಟೂ ಹಂಗೇ ಕಣೋ. ನಿನ್ನ ಕೈಲಿದೆ ಅಷ್ಟೇ, ನಿನ್ನೊಬ್ಬಂದಲ್ಲ. ರೂತಾ ಚಿಕ್ಕೋಳು, ಅವಳಿಗೆ ಓಟಿಲ್ಲ. ಅವಳ ಪಾಲೂ ಅದರಲ್ಲೇ ಇದೆ."

ತೊಕಾತಾಕೆಯ ಒಳಗಿದ್ದ ಭಯ ಹೊರಬಂತು. ಬೌರೋನಿಗೆ ಗೊತ್ತಾದರೆ? ಗೊತ್ತಾಗುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಮರೆಯ ಹಿಂದೆ ನೀನೊಬ್ಬನೇ. ಚೀಟಿಯ ಮೇಲೆ ನಿನ್ನ ಹೆಸರಿಲ್ಲ. ಗುರುತು ಹಾಕಿ, ಮಡಚಿ, ನಿನ್ನ ಕೈಯಿಂದಲೇ ಪೆಟ್ಟಿಗೆಗೆ ಹಾಕುತ್ತೀಯ. ಯಾರಿಗೆ ಹಾಕಿದೆ ಎಂದು ಯಾರಿಗೂ ಹೇಳಬೇಕಾದ್ದಿಲ್ಲ. ನಿನ್ನ ಗೀಟು ನೋಡಿ ನೀನೇ ಎಂದು ಹೇಳಲು ನಿನ್ನ ಅಕ್ಷರವೇನು ಅಷ್ಟು ದುಂಡಗಿದೆಯೇ ಎಂದೂ ಚುಚ್ಚಿದಳು.

"ಹಂಗಾದ್ರೆ ಯಾರಿಗೆ ಹಾಕ್ಲಿ?"

ಅರೋಯಿತಾ ಎದ್ದು ಉಡುಗೆ ಕೊಡವಿಕೊಂಡಳು. "ಅದನ್ನ ನನ್ನ ಕೇಳ್ಬೇಡ. ನಾನೂ ನೆಂಟಳೇ. ನಾನು ಹೇಳಿದ್ರೆ ಅದೂ ಬುಬುಸಿ ಆಗತ್ತೆ."

ಮತದಾನದ ದಿನ ಅವನು ಮೀನಿಗೆ ಹೋಗಲಿಲ್ಲ. ರೂತಾಳ ಕೈ ಹಿಡಿದುಕೊಂಡು ಮತಗಟ್ಟೆಯಿದ್ದ ಶಾಲೆಗೆ ನಡೆದ. ಅವಳಿಗೆ ಮತ್ತೆ ಭೇದಿಯಾಗಿತ್ತು. ದಾರಿಯಲ್ಲಿ ಸುಸ್ತಾದಾಗ ಎತ್ತಿಕೊಂಡ. ಬಾಗಿಲ ಬಳಿ ಅವಳನ್ನು ಅಕ್ಕನಿಗೆ ಕೊಟ್ಟು ಒಳಗೆ ಹೋದ. ಮರೆಯ ಹಿಂದೆ ಬಹಳ ಹೊತ್ತು ನಿಂತಿದ್ದ. ಹೊರಗೆ ಬಂದಾಗ, ದೂರದ ಮರದ ನೆರಳಿನಲ್ಲಿ ನಿಂತಿದ್ದ ಬೌರೋ ಅವನನ್ನು ನೋಡಿ ಹುಬ್ಬು ಎತ್ತಿದ.

ತೊಕಾತಾಕೆಯ ಹುಬ್ಬು ಅಲುಗಲಿಲ್ಲ. ಹತ್ತಿರ ಹೋಗಿ ತಮ್ಮನ ಹೆಗಲ ಮೇಲೆ ಕೈ ಹಾಕಿದ. "ಸಂಜೆ ಮನೆಗೆ ಬಾ. ಮೀನಿದೆ," ಎಂದ.

ಗೆದ್ದವರು ಯಾರೆಂಬುದು ಇಲ್ಲಿ ಬೇಡ. ಗೆದ್ದವರು ಊರಿಗೆ ಬಂದ ದಿನ, ಮನೇಬಾದಲ್ಲಿ ಎಂದೂ ಬಾಯಿ ತೆರೆಯದ ತೊಕಾತಾಕೆ ಅಲ್ಲಿ ತನ್ನ ಮನೆತನಕ್ಕೆ ಮೀಸಲಾದ ಜಾಗದಲ್ಲಿ ಕುಳಿತೇ ಕೇಳಿದ: "ನೀರಿನ ವಿಷಯ ಏನಾಯ್ತು? ಇದು ಬುಬುಸಿ ಅಲ್ಲ. ನಾವು ಕಳಿಸಿದೀವಿ, ಅದಕ್ಕೇ ಕೇಳ್ತಿದೀವಿ." ಮುಂದಿನ ಸಭೆಯಲ್ಲಿ ಮತ್ತೆ ಕೇಳಿದ. ಆಗ ಅವನ ಜೊತೆ ಇನ್ನೂ ಹಲವರು ಕೇಳಿದರು. ಈಗ ಮನೇಬಾದ ಪಕ್ಕದಲ್ಲಿ ತೊಟ್ಟಿಯಿದೆ. ರೂತಾ ತನ್ನ ಲೋಟವನ್ನು ತಾನೇ ತುಂಬಿಕೊಳ್ಳುತ್ತಾಳೆ.

ಓದುತ್ತಿರುವ ನೀವು ಯಾವ ದೇಶದವರೇ ಆಗಿರಿ, ನಿಮ್ಮ ಬಾಗಿಲಿಗೂ ಯಾರೋ ಬರುತ್ತಾರೆ. ನೆಂಟತನ ನೆನಪಿಸುತ್ತಾರೆ, ಮಾಡಿದ ಉಪಕಾರ ನೆನಪಿಸುತ್ತಾರೆ. ಅವರಿಗೆ ಊಟ ಹಾಕಿ, ಚಾಪೆ ಹಾಸಿ, ಇದ್ದರೆ ಸೈಕಲ್ಲನ್ನೂ ಕೊಡಿ. ಮತವನ್ನು ಮಾತ್ರ ನಿಮ್ಮ ಮನೆಯ ಮಗುವಿನ ಮುಖ ನೋಡಿ ಹಾಕಿ. ಹಾಕಿದ ಮೇಲೆ ಸುಮ್ಮನಾಗಬೇಡಿ, ಕೇಳುತ್ತಲೇ ಇರಿ.

ತೊಕಾತಾಕೆ ಈಗ ಮರದ ಮೇಲೆ ಹಾಡುತ್ತಾನೆ. ಆ ಸಂಜೆ ಹುಬ್ಬು ಎತ್ತಿದ್ದು ಯಾರಿಗೆ, ಆ ಬೆಳಿಗ್ಗೆ ಗುರುತು ಹಾಕಿದ್ದು ಯಾರಿಗೆ ಎಂದು ಅವನು ಯಾರಿಗೂ ಹೇಳಲಿಲ್ಲ.