ಕಿರಾಯಿ ಏರಿಸಿದವನ ಪತ್ತೆ

ಟಪಾಲು ಹಂಚುವ ವೈಜನಾಥನಿಗೆ ಬಸವಕಲ್ಯಾಣದಲ್ಲಿ ಯಾವ ಮನೆ ಖಾಲಿ ಇದೆ, ಯಾವುದು ಇನ್ನು ಹದಿನೈದು ದಿನಕ್ಕೆ ಖಾಲಿಯಾಗುತ್ತದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಯಾರ ಪತ್ರವನ್ನೂ ಅವನು ಒಡೆದವನಲ್ಲ. ಆದರೆ ಸರಕಾರಿ ಲಕೋಟೆ ಕೈಗೆ ಕೊಟ್ಟಾಗ ಮನೆಯೊಡತಿಯ ಮುಖ ಸಣ್ಣಗಾದರೆ, ಇವರಿಗೆ ವರ್ಗವಾಯಿತು ಎಂದು ತಿಳಿದುಬಿಡುತ್ತಿತ್ತು. ಸಂಜೆಯೊಳಗೆ ಆ ಮನೆಗೆ ಬಾಡಿಗೆಗೆ ಹೊಸ ಕಿರಾಯಿದಾರನನ್ನು ಹುಡುಕಿರುತ್ತಿದ್ದ.

ಅದು ಎಪ್ಪತ್ತೆಂಟನೆಯ ಇಸವಿ. ಊರಿಗೆ ನೀರಾವರಿ ಆಫೀಸು ಬಂದಿತ್ತು, ಹೊಸ ಬ್ಯಾಂಕು ಬಂದಿತ್ತು, ಕಾಲೇಜಿಗೆ ಮಾಸ್ತರರು ಬಂದಿದ್ದರು. ಬಂದವರೆಲ್ಲ ಬಸ್ಸಿನಿಂದ ಇಳಿದು ಟ್ರಂಕು ಕೆಳಗಿಡುವ ಮೊದಲೇ ಮನೆ ಕೇಳುತ್ತಿದ್ದರು. ಜನ ವೈಜನಾಥನ ಕಡೆ ಬೆರಳು ತೋರಿಸುತ್ತಿದ್ದರು. ಅವನು ಈ ಕೆಲಸಕ್ಕೆ ಒಂದು ಪೈಸೆಯನ್ನೂ ಮುಟ್ಟುತ್ತಿರಲಿಲ್ಲ. ಒಂದು ಚಹಾ, ಜೊತೆಗೆ ನಾಲ್ಕು ಜನರ ಎದುರು "ವೈಜನಾಥಣ್ಣ ಇರಲಿಲ್ಲಂದ್ರ ನಾವು ಗಿಡದ ಕೆಳಗ ಮಲಗಬೇಕಾಗ್ತಿತ್ತು" ಎಂಬ ಒಂದು ಮಾತು, ಇಷ್ಟಾದರೆ ಅವನಿಗೆ ಎರಡು ದಿನ ಸೈಕಲ್ ತಾನೇ ಓಡುತ್ತಿತ್ತು.

ಅವನು ತಾನೂ ಕಿರಾಯಿ ಮನೆಯಲ್ಲೇ ಇದ್ದ. ಕೋಟೆಯ ಕಡೆಗಿನ ಓಣಿಯಲ್ಲಿ ಹಜಿರಾ ಬೀ ಎಂಬ ವಿಧವೆಯ ಹಳೇ ಮಣ್ಣಿನ ಮಾಳಿಗೆಯ ಮನೆ. ಹಿಂದಿನ ಭಾಗದಲ್ಲಿ ಆಕೆ, ಮುಂದಿನ ಎರಡು ಕೋಣೆಗಳಲ್ಲಿ ವೈಜನಾಥ ಮತ್ತು ಅವನ ಹೆಂಡತಿ ತುಳಜಾಬಾಯಿ. ಹನ್ನೊಂದು ವರ್ಷದಿಂದ ತಿಂಗಳಿಗೆ ಇಪ್ಪತ್ತೈದು ರೂಪಾಯಿ. ಒಂದು ಶುಕ್ರವಾರ ಸಂಜೆ ಅವನು ಸೈಕಲ್ ನಿಲ್ಲಿಸುತ್ತಿದ್ದಾಗ ಹಜಿರಾ ಬೀ ಅಂಗಳಕ್ಕೆ ಬಂದಳು.

"ವೈಜನಾಥ ಬೇಟಾ, ಬರೋ ತಿಂಗಳಿಂದ ಕಿರಾಯಿ ಅರವತ್ತು ಕೊಡಬೇಕು ನೋಡು."

ವೈಜನಾಥ ಸೈಕಲ್ ಬಿಟ್ಟ. ಅದು ಗೋಡೆಗೆ ಒರಗದೆ ದಡಾರನೆ ಬಿತ್ತು.

"ಒಮ್ಮಿಗೇ ಅರವತ್ತೇನ್ರಿ ಖಾಲಾ? ಗೋಡಿಗೇನು ಬಂಗಾರ ಹಚ್ಚೀರೇನು?"

"ಬಸವಣಪ್ಪ ಸೇಠ ಅರವತ್ತು ತಗೊಳ್ಳಾಕತ್ತಾನ. ಅವನ ಮನಿಗೆ ಬಾವಿ ಇಲ್ಲ. ನನ್ನ ಮನಿಗೆ ಬಾವಿ ಅದ."

"ನಿಮ್ಮ ಬಾವ್ಯಾಗ ನೀರಿಲ್ಲಲ್ರಿ!"

"ನೀರಿಲ್ಲಂದ್ರ ಬಾವಿ ಇಲ್ಲಂತೇನು?" ಎಂದು ಹಜಿರಾ ಬೀ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬದ್ರುದ್ದೀನನ ಚಹಾದಂಗಡಿಯಲ್ಲಿ ಇದೇ ಮಾತು. ವೈಜನಾಥ ತಾನೊಬ್ಬನೇ ಸಿಕ್ಕಿಬಿದ್ದೆ ಎಂದುಕೊಂಡಿದ್ದ. ನೋಡಿದರೆ ಅಲ್ಲಿದ್ದ ಎಂಟು ಜನರಿಗೂ ಆ ತಿಂಗಳೇ ಕಿರಾಯಿ ಏರಿತ್ತು. ಇದು ಸರಕಾರದ್ದೇ ತಪ್ಪು ಎಂದ ಪಂಡರಿ ಮಾಸ್ತರ. ಅಲ್ಲ, ಪಗಾರ ಎಣಿಸದೆ ಖರ್ಚು ಮಾಡುವ ಬ್ಯಾಂಕಿನವರದ್ದು ಎಂದ ಇನ್ನೊಬ್ಬ. ಮನೆಮಾಲಕರ ಹೊಟ್ಟೆ ಎಷ್ಟಾದರೂ ತುಂಬುವುದಿಲ್ಲ ಎಂದ ಮತ್ತೊಬ್ಬ.

"ಹಿಂಗ ಬಾಯಿಗೆ ಬಂದದ್ದು ಅಂದ್ರ ಆಗಂಗಿಲ್ಲ," ಎಂದ ಪಂಡರಿ ಮಾಸ್ತರ ಮೇಜು ಬಡಿದು. "ಮೊದಲು ಯಾರು ಏರಿಸಿದ್ರು, ಅದು ಪತ್ತೆ ಆಗಬೇಕು. ಅವನ ಮನಿ ಮುಂದ ಹೋಗಿ ಕೂಡೋಣು. ವೈಜನಾಥ, ಊರಿನ ಮನಿ ಮನಿ ನಿನಗ ಗೊತ್ತದ. ಸೋಮವಾರ ಮುಂಜಾನಿ ನಮಗ ಹೆಸರು ಬೇಕು."

ಎಲ್ಲರೂ ಹೌದು ಹೌದು ಎಂದರು. ವೈಜನಾಥನ ಎದೆ ಉಬ್ಬಿತು. ಅರವತ್ತರ ದುಃಖ ಅರ್ಧ ಮರೆತೇಹೋಯಿತು.

ಅಂದೇ ಮಧ್ಯಾಹ್ನ ಟಪಾಲು ಮುಗಿಸಿ ಅವನು ಬಸವಣಪ್ಪ ಸೇಠನ ಅಡತಿ ಅಂಗಡಿಗೆ ಹೋದ. ಸೇಠ ತೊಗರಿ ಚೀಲಗಳ ನಡುವೆ ಗಾದಿಯ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದ.

"ಸೇಠಜೀ, ಮೂವತ್ತಿದ್ದ ಕಿರಾಯಿ ಅರವತ್ತು ಮಾಡೀರಿ. ಊರೆಲ್ಲಾ ನಿಮ್ಮ ಹೆಸರು ಹೇಳಾಕತ್ತಾರ."

ಬಸವಣಪ್ಪನಿಗೆ ನಿಜಕ್ಕೂ ನೋವಾಯಿತು. "ನಾ ಎಲ್ಲಿ ಮಾಡೀನೋ ಮಾರಾಯ? ಹುಮನಾಬಾದದ ಕಾಶಿರಾಮನ್ನ ನೀನೇ ಕಳಸಿದ್ದಿ. ನಾ ಮೂವತ್ತೈದು ಅನ್ನಬೇಕಂತ ಬಾಯಿ ತೆಗೀಲಿಕ್ಕಿಲ್ಲ, ಆವಾ ಕೈ ಮುಗದು 'ಅರವತ್ತು ಕೊಡ್ತೀನಿ, ಬ್ಯಾರೇದವರಿಗೆ ಕೊಡಬ್ಯಾಡ್ರಿ' ಅಂದ. ಮುಗದ ಕೈಗೆ ಬ್ಯಾಡ ಅನ್ನಲಿಕ್ಕೆ ನಾ ಏನು ಸನ್ಯಾಸಿ ಏನು?"

ಹಾಗಾದರೆ ಕಳ್ಳ ಕಾಶಿರಾಮ! ನೀರಾವರಿ ಆಫೀಸಿನ ಗುಮಾಸ್ತ. ಮೂರು ತಿಂಗಳ ಹಿಂದೆ ವೈಜನಾಥನೇ ಮನೆ ಕೊಡಿಸಿದ್ದ. ಅವನು ಶನಿವಾರ ಅರ್ಧ ದಿನಕ್ಕೇ ಹೆಂಡತಿಯೊಂದಿಗೆ ಹುಮನಾಬಾದಿನ ಸ್ವಂತ ಮನೆಗೆ ಹೋಗಿ ಸೋಮವಾರ ತಡವಾಗಿ ಬರುವವನು. ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ವೈಜನಾಥ ಹುಮನಾಬಾದಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡ.

ಕಾಶಿರಾಮ ಬಾಗಿಲಲ್ಲೇ ಅವನನ್ನು ಅಪ್ಪಿಕೊಂಡ. "ಬರ್ರಿ ಬರ್ರಿ ಅಣ್ಣಾ! ಗಯಾ, ಯಾರು ಬಂದಾರ ನೋಡು! ನಮಗ ಮನಿ ಕೊಡಿಸಿದ ದೇವರು ಬಂದಾರ!"

ಅವನ ಹೆಂಡತಿ ಗಯಾಬಾಯಿ ಬಂದು ಕಾಲಿಗೆ ನೀರು ಕೊಟ್ಟಳು. ಬಿಸಿ ಭಜಿ ಬಂತು. ಜೋಡಿಸಿಕೊಂಡಿದ್ದ ಬೈಗಳಲ್ಲಿ ಅರ್ಧ ಭಜಿಯ ಜೊತೆ ಹೊಟ್ಟೆಗೆ ಹೋದವು. ಉಳಿದರ್ಧ ಹಿಡಿದುಕೊಂಡು ವೈಜನಾಥ ಕೇಳಿದ, "ಕಾಶಿರಾಮ, ಸೇಠ ಕೇಳೋದಕ್ಕಿಂತ ಮೊದಲ ನೀ ಯಾಕ ಅರವತ್ತು ಅಂದಿ?"

"ನೀವೇ ಹೇಳಿದ್ರೆಲ್ಲ ಅಣ್ಣಾ!"

"ನಾನಾ?"

"ಹೌದ್ರಿ. ಬಸ್ ಸ್ಟ್ಯಾಂಡಿನಾಗ ನಿಂತು ಹೇಳಿದ್ರಿ. 'ಕಲ್ಯಾಣದಾಗ ಮನಿ ಸಿಗೋದು ಹುಡುಗಾಟ ಅಲ್ಲ. ಬ್ಯಾಂಕಿನವರು ಅರವತ್ತು ಹಿಡ್ಕೊಂಡು ತಿರಗಾಡಾಕತ್ತಾರ. ನಾ ಇದ್ದೀನಂತ ನಿನಗ ಕೊಡಸ್ತೀನಿ' ಅಂದ್ರಿ. ನಾ ಅಂಜಿಬಿಟ್ಟೆ."

ವೈಜನಾಥನ ಬಾಯಲ್ಲಿದ್ದ ಭಜಿ ಅಲ್ಲೇ ನಿಂತಿತು. ನೆನಪಾಯಿತು. ಅರವತ್ತು ಹಿಡಿದು ತಿರುಗಾಡುವ ಬ್ಯಾಂಕಿನವರು ಯಾರೂ ಇರಲಿಲ್ಲ. ಸುಮ್ಮನೆ ಕೊಡಿಸಿದರೆ ಉಪಕಾರ ಸಣ್ಣದಾಗಿ ಕಾಣುತ್ತದೆ ಎಂದು ಅವನು ಆ ಮಾತು ಸೇರಿಸಿದ್ದ. ಕಾಶಿರಾಮನಿಗಷ್ಟೇ ಅಲ್ಲ, ಅದಕ್ಕೂ ಮೊದಲು ಬಂದವರಿಗೆ ನಲವತ್ತು, ಐವತ್ತು ಎಂದು ಬೇರೆ ಬೇರೆ ಲೆಕ್ಕ ಹೇಳಿದ್ದ.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಒಬ್ಬ ಹೆಂಗಸು ಕೌದಿ ಹೊಲಿಯುವ ಸೂಜಿ ಹಿಡಿದುಕೊಂಡೇ ಬಂದಳು. ಕಾಶಿರಾಮನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಶೇವಂತಾಬಾಯಿ.

"ಕಾಶಿರಾಮಪ್ಪ, ಹದಿನೈದರ ಕೋಣಿಗೆ ಮೂವತ್ತು ಎಲ್ಲಿಂದ ತರ್ಲಿ? ಇದು ನ್ಯಾಯ ಅದ ಏನು?"

"ನಾ ಏನು ಮಾಡ್ಲಿ ಅಕ್ಕಾ? ಕಲ್ಯಾಣದಾಗ ನಾ ಅರವತ್ತು ಕೊಡಾಕತ್ತೇನಿ. ಅದು ಎಲ್ಲಿಂದರ ಬರಬೇಕಲ್ಲ!"

"ಆ ಕಲ್ಯಾಣದಾಗ ಅರವತ್ತು ಮಾಡಿದವನು ಯಾವ ಭಾಡ್ಯಾ ಅಂತ ಒಮ್ಮಿ ನನಗ ತೋರಸು. ಈ ಸೂಜಿಲೇ ಬಾಯಿ ಹೊಲೀತೀನಿ!"

ಕಾಶಿರಾಮ ವೈಜನಾಥನನ್ನು ನೋಡಿದ. ವೈಜನಾಥ ತಟ್ಟೆಯನ್ನು ನೋಡಿದ. "ಇವರು ಯಾರು?" ಎಂದಳು ಶೇವಂತಾಬಾಯಿ. "ನಮ್ಮ ದೂರದ ಸಂಬಂಧಿಕರು," ಎಂದ ಕಾಶಿರಾಮ. ಆಕೆ ಅತಿಥಿಗೆ ಮರ್ಯಾದೆಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡು, "ನೀವರ ಬುದ್ಧಿ ಹೇಳ್ರಿ ಇವರಿಗೆ" ಎಂದು ಹೋದಳು. ಸೂಜಿಗಿಂತ ಆ ಸೆರಗೇ ವೈಜನಾಥನಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದು ಅವನು ಎಲ್ಲವನ್ನೂ ಹೆಂಡತಿಗೆ ಹೇಳಿದ. ತುಳಜಾಬಾಯಿ ಮೊದಲು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತಮ್ಮ ಮನೆಯ ಅರವತ್ತು ನೆನಪಾಗಿ ಲಟ್ಟಣಿಗೆಯನ್ನು ಹಿಟ್ಟಿನ ಪರಾತದೊಳಗೆ ಕುಕ್ಕಿದಳು.

"ನಾಳಿಗೆ ಏನು ಹೇಳ್ತೀರಿ ಅವರಿಗೆ?"

"ಸರಕಾರದ್ದೇ ತಪ್ಪು ಅಂತೀನಿ. ಪಂಡರಿ ಮಾಸ್ತರಿಗೂ ಹಂಗೇ ಅನಸ್ತದ."

"ಖರೇ ಹೇಳ್ರಿ. ಇಲ್ಲಂದ್ರ ನಾ ಬಂದು ಹೇಳ್ತೀನಿ."

ಸೋಮವಾರ ಬೆಳಿಗ್ಗೆ ಚಹಾದಂಗಡಿಯಲ್ಲಿ ಹದಿನೈದು ಜನ ಸೇರಿದ್ದರು. ವೈಜನಾಥ ನಿಂತು ಮೊದಲಿನಿಂದ ಕೊನೆಯ ತನಕ ಹೇಳಿದ. ಬೈಗಳು ಬರುತ್ತವೆ ಎಂದು ಅವನು ತಲೆ ತಗ್ಗಿಸಿ ನಿಂತ. ಕೊನೆಗೆ ಪಂಡರಿ ಮಾಸ್ತರ ಬಹಳ ಬೇಸರದಿಂದ, "ನೀನಾ? ಛೇ. ಯಾರರ ದೊಡ್ಡವರು ಇರ್ತಾರಂತ ತಿಳ್ಕೊಂಡಿದ್ದೆವು," ಎಂದ.

"ಟಪಾಲಿನವನ ಒಂದು ಮಾತಿಗೆ ಊರ ಕಿರಾಯಿ ಏರ್ತದೇನು? ಇವ ತನ್ನ ದೊಡ್ಡಸ್ತಿಕಿಗೆ ಹೇಳಾಕತ್ತಾನ," ಎಂದ ಇನ್ನೊಬ್ಬ.

"ಏರ್ತದ ಬಿಡ್ರಿ," ಎಂದ ಬದ್ರುದ್ದೀನ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ. "ಈ ಅಂಗಡಿದೂ ಕಿರಾಯಿ ಏರೇದ. ಅದಕ್ಕೇ ನಾ ಚಹಾಕ್ಕ ಐದು ಪೈಸಾ ಹೆಚ್ಚ ಮಾಡೀನಿ ಇವತ್ತಿಂದ."

ಹದಿನೈದು ಜನ ಒಮ್ಮೆಗೇ ಅವನ ಕಡೆ ತಿರುಗಿದರು. ಆ ಗದ್ದಲದಲ್ಲಿ ವೈಜನಾಥ ಚೀಲ ಹೆಗಲಿಗೇರಿಸಿಕೊಂಡು ಹೊರಬಿದ್ದದ್ದನ್ನು ಯಾರೂ ಗಮನಿಸಲಿಲ್ಲ. ಅಂಚೆ ಕಚೇರಿಗೆ ಹೋದವನೇ ಒಂದು ಕಾರ್ಡು ಕೊಂಡು ಬರೆದ: "ಶೇವಂತಾಬಾಯಿಯವರಿಗೆ ನಮಸ್ಕಾರ. ಕಲ್ಯಾಣದಲ್ಲಿ ಅರವತ್ತು ಎಂದು ಮೊದಲು ಸುಳ್ಳು ಹೇಳಿದವನು ನಾನೇ. ಆ ದಿನ ಭಜಿ ತಿನ್ನುತ್ತಾ ಕೂತವನೂ ನಾನೇ. ಕ್ಷಮಿಸಬೇಕು."

ಆ ಹೊತ್ತಿಗೆ ತುಳಜಾಬಾಯಿ ಹಿಂದಿನ ಅಂಗಳದಲ್ಲಿ ಹಜಿರಾ ಬೀಯ ಪಕ್ಕ ಕೂತು ಆಕೆಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಖಾಲಾ, ಖರೇ ಹೇಳ್ರಿ. ಅರವತ್ತು ಯಾಕ ಬೇಕು ನಿಮಗ?"

ಹಜಿರಾ ಬೀ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಬೇಕಂತಲ್ಲ ಬೇಟಿ. ಸೇಠಗ ಅರವತ್ತು, ನನಗ ಇಪ್ಪತ್ತೈದು ಅಂದ್ರ, ಗಂಡಸಿಲ್ಲದ ಮನಿ, ಮುದುಕಿಗೇನೂ ತಿಳಿಯಂಗಿಲ್ಲ ಅಂತ ಓಣಿ ಮಂದಿ ನಗಾಕತ್ತಾರ ಅನಸ್ತದ. ಮ್ಯಾಲ ಮಾಳಗಿ ಸೋರ್ತದ. ಹೋದ ಮಳಿಗಾಲ ಮಂಚ ನಾಲ್ಕು ಸಲ ಸರಿಸೀನಿ. ಈಗ ಸರಸಲಿಕ್ಕೆ ಜಾಗಾನೇ ಇಲ್ಲ."

"ಮೂವತ್ತೈದು ಕೊಡ್ತೀವಿ. ಮಾಳಗಿ ಕೆಲಸ ನಮ್ಮವರು ಮಾಡ್ತಾರ."

"ಅವನ್ನ ಕೇಳೀದಿ ಏನು?"

"ಅವರನ್ನೇನು ಕೇಳೋದ್ರಿ? ಊರ ಕಿರಾಯಿ ಏರಿಸ್ಯಾರ, ಈಗ ಮಾಳಗಿ ಏರಲಿ."

ಹಜಿರಾ ಬೀ ಮೊರ ಕೆಳಗಿಟ್ಟು ನಕ್ಕಳು. ನಗು ನಿಂತ ಮೇಲೆ, "ಮಂದಿಗೆ ಮಾತ್ರ ನಲವತ್ತು ಅಂತ ಹೇಳು," ಎಂದಳು.

ಮುಂದಿನ ಭಾನುವಾರ ವೈಜನಾಥ ಧೋತರ ಮೇಲೆ ಕಟ್ಟಿ ಮಾಳಿಗೆ ಹತ್ತಿದ. ಮಳೆನೀರು ತಡೆಯುವ ಕರಲು ಮಣ್ಣು ಹರವಿ, ನೀರು ಚಿಮುಕಿಸಿ, ತುಳಿಯಲು ಶುರುಮಾಡಿದ. ಹಜಿರಾ ಬೀ ಕೆಳಗಿನಿಂದ, "ಮೂಲ್ಯಾಗ ತುಳಿ ಬೇಟಾ, ನನ್ನ ಮಂಚ ಮೂಲ್ಯಾಗ ಅದ," ಎಂದು ಕೂಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಮಾಳಿಗೆ ಮುಗಿಯಿತು. ಆಗ ಓಣಿಯಲ್ಲಿ ಕಾಶಿರಾಮ ಬಂದು ನಿಂತ. ಈ ವಾರ ಅವನು ಹುಮನಾಬಾದಿನಿಂದ ಬೇಗ ಬಂದಿದ್ದ. ಸಿಟ್ಟಿನಿಂದ ಮುಖ ಊದಿಸಿಕೊಂಡಿದ್ದ.

"ಅಣ್ಣಾ, ಏನು ಕಾರ್ಡ್ ಬರದ್ರಿ ನೀವು! ಶೇವಂತಕ್ಕ ಅದನ್ನ ಓಣಿ ಮಂದಿಗೆಲ್ಲಾ ಓದಿಸ್ಯಾಳ. ನಾ ತಿರುಗಿ ಹದಿನೆಂಟಕ್ಕ ಇಳಿದೆ. ಅದೇ ಕಾರ್ಡ್ ಒಯ್ದು ಸೇಠಗ ತೋರಿಸಿದ್ರ, 'ಇದು ನನ್ನ ಹೆಸರಿಗೆ ಬಂದಿಲ್ಲ' ಅಂತ ತಿರುಗಿ ಕೊಟ್ಟ. ಮ್ಯಾಲಿನವರು ಇಳಿಯಂಗಿಲ್ಲ, ಕೆಳಗಿನವರು ಏರಂಗಿಲ್ಲ. ನಡುವ ನಾ ಏನು ಮಾಡ್ಲಿ?"

ವೈಜನಾಥ ಬೆವರು ಒರೆಸಿಕೊಂಡು ಯೋಚಿಸಿದ. ಸಹಾಯ ಕೇಳಿ ಬಂದವನಿಗೆ ಇಷ್ಟು ದಿನದಲ್ಲಿ ಮೊದಲ ಸಲ ಇಲ್ಲದ್ದನ್ನು ಹೇಳಲಿಲ್ಲ.

"ಚಪ್ಪಲಿ ಬಿಟ್ಟು ಮ್ಯಾಲ ಬಾ," ಎಂದ ಆಮೇಲೆ. "ಇನ್ನೂ ಅರ್ಧ ಮಾಳಗಿ ಉಳಿದದ."

ಕಾಶಿರಾಮ ಅತ್ತಿತ್ತ ನೋಡಿದ. ಗೊಣಗುತ್ತಲೇ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಏಣಿ ಹತ್ತಿದ. ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ಹಿಡಿದು, ಕತ್ತಲಾಗುವ ತನಕ ಹಜಿರಾ ಬೀಯ ಮಂಚದ ನೆತ್ತಿಯ ಮೇಲೆ ಮಣ್ಣು ತುಳಿದರು.